ಕೆಪಾಸಿಟರಿನ ಬುಡದ ಕಂದು ಕಲೆ

ಹಿಟ್ಟಿನ ಗಿರಣಿಯ ಬೆಲ್ಟು ಟಪ್ ಟಪ್ ಎಂದು ಬಡಿದುಕೊಳ್ಳುವ ಸದ್ದು ನೆಲದಿಂದ ಏರಿ ಕುರ್ಚಿಯ ಕಾಲಿಗೂ ಹತ್ತುತ್ತಿತ್ತು. ಗಿರಣಿಯ ಮೇಲಿನ ಕೋಣೆಯಲ್ಲಿ, ಬೀದಿಯವರೆಲ್ಲ ರೇಡಿಯೋ ಚಿಕ್ಕಮ್ಮ ಎಂದು ಕರೆಯುವ ಹೆಂಗಸು ಹಳೆಯ ಆಂಪ್ಲಿಫೈಯರೊಂದನ್ನು ಬಿಚ್ಚಿಟ್ಟುಕೊಂಡು ಕೂತಿದ್ದಳು. ಹೊಲಿಗೆ ಕಲಿಯಲು ಕಳಿಸಿದರೆ ಪಕ್ಕದ ರೇಡಿಯೋ ಅಂಗಡಿಯಲ್ಲಿ ಕೂತು ಬೆಸುಗೆ ಕಲಿತು ಬಂದವಳು ಅವಳು.

ಆಂಪ್ಲಿಫೈಯರು ಅಕ್ಕನದು. ಅಕ್ಕನ ಕಿವಿ ಮಂದವಾಗಿ ವರ್ಷಗಳಾಗಿದ್ದವು. ಈ ಪೆಟ್ಟಿಗೆಗೆ ದಪ್ಪನೆಯ ಹೆಡ್‌ಫೋನ್ ಸಿಕ್ಕಿಸಿದರೆ ಮಾತ್ರ ಹಾಡು ಹಾಡಾಗಿ ಕೇಳುತ್ತಿತ್ತು. ಈಗ ಅದರಲ್ಲೂ ಬರೀ ಚಟಪಟ.

"ಕೆಪಾಸಿಟರ್ ಸೋರಿವೆ" ಎಂದು ಚಿಕ್ಕಮ್ಮ ಮೊದಲ ನೋಟಕ್ಕೇ ತೀರ್ಪು ಕೊಟ್ಟಿದ್ದಳು. ಕರೆಂಟನ್ನು ಕೂಡಿಟ್ಟು ಬಿಡುವ ಆ ಪುಟ್ಟ ಡಬ್ಬಿಗಳ ಬುಡದಲ್ಲಿ ಕಂದು ಕಲೆ ಹರಡಿತ್ತು. ವಯಸ್ಸಾದವು ಹೀಗೆ ಸೋರುವುದುಂಟು. ಎಲ್ಲವನ್ನೂ ಕಿತ್ತು ಹೊಸವನ್ನು ಬೆಸೆದಳು. ಚಟಪಟ ಹಾಗೇ ಇತ್ತು.

ಬಾಗಿಲಲ್ಲಿ ಅಕ್ಕನ ಗಂಡ ಬಂದು ನಿಂತ. "ಏನ್ ಡಾಕ್ಟ್ರೇ, ಪೇಷಂಟ್ ಹೇಗಿದಾರೆ? ಸಂಜೆ ಗುಜರಿಯವನು ಬರ್ತಾನೆ, ಹೇಳಿಬಿಟ್ಟಿದೀನಿ."

"ಯಾರನ್ನ ಕೇಳಿ ಹೇಳಿದ್ರಿ ಭಾವ?"

"ಹೊಸದು ತಂದ್ಕೊಟ್ಟಿದೀನಲ್ಲ?"

"ಅದು ಸೊಳ್ಳೆ ಹಾಡಿದ ಹಾಗಿದೆ. ನಿಮ್ಮ ಗೊರಕೆನೇ ಕೇಳದ ಕಿವಿಗೆ ಸೊಳ್ಳೆ ಯಾವ ಲೆಕ್ಕ?"

ಭಾವ ನಕ್ಕ. ಆದರೂ ಹೋಗದೆ ಸ್ಟೂಲಿನ ಮೇಲೆ ಕೂತ.

ಚಿಕ್ಕಮ್ಮ ಕಿತ್ತಿಟ್ಟ ಡಬ್ಬಿಗಳನ್ನು ಒಂದೊಂದಾಗಿ ಮೀಟರಿಗೆ ಹಿಡಿದಳು. ಎಲ್ಲವೂ ಗಟ್ಟಿಮುಟ್ಟಾಗಿದ್ದವು. ಕೆಟ್ಟವುಗಳಂತೆ ಒಂದರ ತಲೆಯೂ ಉಬ್ಬಿರಲಿಲ್ಲ. ಹಾಗಾದರೆ ಕಲೆ ಎಲ್ಲಿಯದು? ಬೋರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಉಗುರಿನಿಂದ ಕೆರೆದಳು. ಕಲೆ ಚಕ್ಕೆಯಾಗಿ ಎದ್ದು ಬಂತು.

"ಅಯ್ಯೋ, ಇದು ಅಂಟು! ಡಬ್ಬಿ ಅಲುಗಾಡಬಾರದು ಅಂತ ಫ್ಯಾಕ್ಟರೀಲಿ ಹಚ್ಚಿದ್ದು. ಕಾವು ತಿಂದು ತಿಂದು ಕಂದಾಗಿದೆ."

"ಅಂಟು ಎಲ್ಲಾದ್ರೂ ಚಟಪಟ ಅನ್ನುತ್ತಾ?"

ಅವಳಿಗೂ ಅದೇ ಪ್ರಶ್ನೆ. ಮೀಟರಿನ ಎರಡೂ ಮೊನೆಗಳನ್ನು ಅಂಟಿನ ಮೇಲೇ ಊರಿದಳು. ಮುಳ್ಳು ಮೆಲ್ಲಗೆ ಅಲುಗಿತು. ಕರೆಂಟು ಹಾಯಬಾರದ ಕಡೆ ಹಾಯುತ್ತಿತ್ತು.

"ಅನ್ನುತ್ತೆ ಭಾವ. ಪಾಪ, ಕೆಪಾಸಿಟರ್ ಮೇಲೆ ಸುಮ್ನೆ ಗೂಬೆ ಕೂರಿಸಿದೆ."

ಅಂಟಿನಡಿಯಲ್ಲಿ ಒಂದು ತಂತಿಯ ಕಾಲು ಹಸಿರುಗಟ್ಟಿ ಸವೆದಿತ್ತು. ಅದನ್ನು ಬದಲಿಸಿ, ಉಳಿದ ಅಂಟನ್ನೆಲ್ಲ ಕೆರೆದು, ಸ್ಪಿರಿಟ್ ಬಟ್ಟೆಯಿಂದ ಒರೆಸಿದಳು. ಎದುರು ಮನೆಯಿಂದ ಅಕ್ಕನನ್ನು ಭಾವನೇ ಕರೆತಂದ. ಹೆಡ್‌ಫೋನ್ ಹಾಕಿಕೊಂಡ ಅಕ್ಕ ಹುಬ್ಬು ಗಂಟಿಕ್ಕಿ ಚಟಪಟಕ್ಕಾಗಿ ಕಾದಳು. ಅದು ಬರಲಿಲ್ಲ.

"ಕೊಳಲು ಕಣೇ!" ಕೋಣೆ ಅದುರುವಂತೆ ಕೂಗಿದಳು.

"ಮೆತ್ತಗೆ ಕಣೇ, ನಮಗೆ ಕಿವಿ ಕೇಳುತ್ತೆ" ಎನ್ನುತ್ತ ಭಾವ ಗುಜರಿಯವನನ್ನು ಬರಬೇಡವೆನ್ನಲು ಫೋನು ತೆಗೆದ.

ಅಂಗೈಯ ಮೇಲಿನ ಕಂದು ಚಕ್ಕೆಯನ್ನೇ ನೋಡುತ್ತಿದ್ದ ಚಿಕ್ಕಮ್ಮ ದಿಢೀರನೆ ಎದ್ದು ಚಪ್ಪಲಿ ಮೆಟ್ಟಿದಳು.

"ಈಗೆಲ್ಲಿಗೆ?"

"ಕ್ಷೌರದಂಗಡಿಗೆ. ಅವನ ರೇಡಿಯೋ ಸೆಟ್ಟಲ್ಲೂ ಇದೇ ಬಣ್ಣ ನೋಡಿದ್ದೆ. ಪ್ರಾಣ ಹೋಗಿದೆ ಅಂತ ನಾನೇ ಹೇಳಿ ಕಳಿಸಿದ್ದು. ಬಿಸಾಕಿಲ್ಲದಿದ್ರೆ ಒಂದ್ಸಲ ಉಗುರಲ್ಲಿ..." ಎನ್ನುತ್ತಲೇ ಅವಳು ಮೆಟ್ಟಿಲಿಳಿದಳು.