ಮಾಗಡಿಯಲ್ಲಿ ಗೆದ್ದ ಸೈನಿಕ

ಮೂರು ವರ್ಷದ ಹಿಂದಿನ ಮಾತು. ದೀಪಾವಳಿ ಕಳೆದ ಮರುವಾರ ಮಾಗಡಿಯ ನಮ್ಮ ಟಾಕೀಸಿಗೆ ಪಾಳೆಯಗಾರರ ಕಾಲದ ಒಂದು ಸಾಹಸ ಸಿನಿಮಾ ಬಂತು. ಮಾವನವರಿಗೆ ವಯಸ್ಸಾದ ಮೇಲೆ ಟಾಕೀಸನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಹೆಂಗಸು ಟಾಕೀಸು ನಡೆಸುವುದುಂಟೇ ಎಂದು ಮೂಗು ಮುರಿದವರೆಲ್ಲ ಆ ಹೊತ್ತಿಗೆ ಸುಮ್ಮನಾಗಿದ್ದರು.

ಹೆಸರಾಂತ ನಟರು ಯಾರೂ ಇಲ್ಲದ, ಹೊಸಬರೆಲ್ಲ ಸೇರಿ, ಸುತ್ತಲ ಹಳ್ಳಿಯವರನ್ನೇ ಸೈನಿಕರನ್ನಾಗಿ ಮಾಡಿ ರಾಮನಗರದ ಬಂಡೆಗುಡ್ಡಗಳಲ್ಲಿ ತೆಗೆದ ಸಿನಿಮಾ ಅದು. ಶುಕ್ರವಾರ ಯಾವ ಆಟಕ್ಕೂ ಜನವಿಲ್ಲ. ಅಲ್ಲೊಬ್ಬರು, ಇಲ್ಲೊಬ್ಬರು. ಸಂಜೆ ವಿತರಕರ ಕಡೆಯವರು ಫೋನ್ ಮಾಡಿದರು. “ಮೇಡಂ, ರಾಮನಗರ, ಚನ್ನಪಟ್ಟಣ, ಕನಕಪುರ ಎಲ್ಲಾ ಕಡೆ ಖಾಲಿ ಹೊಡೀತಿದೆ. ಸೋಮವಾರದಿಂದ ಬೇರೆ ಸಿನಿಮಾ ಹಾಕೋಣ.”

“ನೀವು ಸಿನಿಮಾ ನೋಡಿದ್ರಾ?” ಎಂದೆ.

“ಕಲೆಕ್ಷನ್ ನೋಡಿದ್ದೀನಲ್ಲ ಮೇಡಂ!”

ನಾನು ಮಾತ್ರ ಮೊದಲ ಆಟವನ್ನೇ ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ನೋಡಿದ್ದೆ. ಅದರಲ್ಲೊಂದು ದೃಶ್ಯವಿದೆ. ಕೋಟೆ ಬಾಗಿಲು ಬಿದ್ದ ಮೇಲೆ ಒಬ್ಬ ಮುದಿ ಸೈನಿಕ ನೀರಿನ ಚೀಲ ಹೊತ್ತು, ತನ್ನ ಕಡೆಯ ಗಾಯಾಳುಗಳನ್ನು ಹುಡುಕುತ್ತಾ ಬರುತ್ತಾನೆ. ದಾರಿಯಲ್ಲಿ ಶತ್ರು ಪಡೆಯ ಎಳೆಯ ಯುವಕನೊಬ್ಬ ನರಳುತ್ತಾ ಬಿದ್ದಿರುತ್ತಾನೆ. ಮುದುಕ ಕೂತು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಕುಡಿ ಮಗ” ಎಂದು ನೀರು ಕುಡಿಸುತ್ತಾನೆ. ನನಗೆ ಕಣ್ಣು ತುಂಬಿ ಬಂತು. ಆ ಮುಖ ನನಗೆ ಗೊತ್ತಿತ್ತು. ಮಾಗಡಿ ಸಂತೆಗೆ ತರಕಾರಿ ತರುತ್ತಿದ್ದ ಕೂಟಗಲ್‌ನ ಮಾದಯ್ಯ!

“ಸಿನಿಮಾ ಚೆನ್ನಾಗಿದೆ. ಭಾನುವಾರದ ಆಟ ಮುಗಿಯೋವರೆಗೆ ತೆಗೀಬೇಡಿ. ಆಮೇಲೆ ನಿಮ್ಮಿಷ್ಟ,” ಎಂದು ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಕೂಟಗಲ್‌ಗೆ ಹೋದೆ. ಮಾದಯ್ಯ, ಅವರ ಹೆಂಡತಿ ಜಯಮ್ಮ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದರು. ಸಿನಿಮಾ ಬಂದಿದೆ, ಊರಿನವರನ್ನೆಲ್ಲ ಕರೆದುಕೊಂಡು ಬನ್ನಿ ಎಂದೆ.

“ನಾ ಬರಾಕಿಲ್ಲ ಕಣವ್ವ,” ಎಂದರು ಮಾದಯ್ಯ, ತಲೆ ಎತ್ತದೆ. “ನನ್ನ ಅದ್ರಿಂದ ಕಿತ್ತಾಕಿರ್ತಾರೆ.”

ಜಯಮ್ಮ ವಿಷಯ ಬಿಡಿಸಿ ಹೇಳಿದರು. “ನಮ್ ಕಡೆಯೋನ್ಗೆ ನೀರು ಕೊಡು ಅಂದಿದ್ರಂತೆ. ಇವ್ರು ಓಗಿ ಅತ್ಲಾಗಿನೋನ್ಗೆ ಕುಡಿಸ್ಬುಟ್ರು. ಆ ಡೈರೆಕ್ಟ್ರು ಊರೋರ ಮುಂದೇನೇ ಬಾಯಿಗೆ ಬಂದಂಗೆ ಬೈದ್ಬುಟ್ಟ. ಅವತ್ತಿಂದ ಎಲ್ರೂ ಇವ್ರನ್ನ ಆಡ್ಕಂಡು ನಗೋದೇ ಆಗೈತೆ. ಸಂತೆಗೆ ಓಗೋದ್ನೂ ಬುಟ್ಟವ್ರೆ.”

“ಆ ಮಗ ಬಿಸಿಲಲ್ಲಿ ಬಿದ್ಕಂಡು ನಿಜವಾಗ್ಲೂ ಬಾಯಾರಿ ಒದ್ದಾಡ್ತಿದ್ದ,” ಎಂದರು ಮಾದಯ್ಯ. “ಒಸಿ ನೀರು ಕುಡಿಸ್ದೆ. ಅದ್ರಾಗೆ ಏನ್ ತಪ್ಪೈತೆ?”

“ತಪ್ಪೇನಿಲ್ಲ. ಆ ದೃಶ್ಯ ಸಿನಿಮಾದಲ್ಲಿ ಹಾಗೇ ಇದೆ. ನಾನೇ ನೋಡಿದೆ,” ಎಂದೆ.

ಅವರು ಕುಡುಗೋಲು ಕೆಳಗಿಟ್ಟರು. “ನಾನಂದಿದ್ದೂ ಮಡಿಕ್ಕಂಡವ್ರಾ?”

“‘ಕುಡಿ ಮಗ’ ಅಂತೀರಿ. ಚೆನ್ನಾಗಿ ಕೇಳ್ಸುತ್ತೆ.”

ಟವೆಲ್ಲಿನಿಂದ ಮುಖ ಒತ್ತಿಕೊಂಡರು. ಪಕ್ಕದ ಹೊಲದಿಂದ ಯಾರೋ, “ಏನ್ಲಾ ಮಾದ, ಯಾರ್ಲಾ ಅದು?” ಎಂದು ಕೂಗಿದರು. ಮಾದಯ್ಯ ಬದುವಿನ ಮೇಲೆ ಹತ್ತಿ ನಿಂತು, ಇಡೀ ಬಯಲಿಗೆ ಕೇಳುವಂತೆ ಕೂಗಿ ಹೇಳಿದರು. “ಸಿನಿಮಾದಾಗೆ ನಾನು ಇವ್ನಿ ಕಣ್ಲಾ!”

ಭಾನುವಾರ ಮಧ್ಯಾಹ್ನ ಟೆಂಪೋಗಳಲ್ಲಿ, ಬಸ್ಸಿನಲ್ಲಿ ಇಡೀ ಕೂಟಗಲ್ಲೇ ಬಂದಿಳಿಯಿತು. ಜಯಮ್ಮನ ತವರು ಅಕ್ಕೂರಿನಿಂದಲೂ ನೆಂಟರು ಬಂದಿದ್ದರು. ಸೀಟು ಸಾಲದೆ ಕ್ಯಾಂಟೀನಿನ ಬೆಂಚುಗಳನ್ನೂ ಒಳಗೆ ಹಾಕಿಸಿದೆ. ಕೋಟೆ ಹತ್ತುವಾಗ ತಮ್ಮ ತಮ್ಮ ಮುಖ ಕಂಡವರೆಲ್ಲ ಶಿಳ್ಳೆ ಹೊಡೆದು ಕುಣಿದರು. ಆದರೆ ಮಾದಯ್ಯ ನೀರಿನ ಚೀಲ ಹೊತ್ತು ಬಂದಾಗ ಒಬ್ಬರೂ ಉಸಿರೆತ್ತಲಿಲ್ಲ. ನಾನು ಬಾಗಿಲ ಬಳಿ ನಿಂತು ಸೀಟಿನಲ್ಲಿ ಕೂತಿದ್ದ ಮಾದಯ್ಯನವರನ್ನೇ ನೋಡುತ್ತಿದ್ದೆ. ಬಾಯಿಗೆ ಕೈ ಅಡ್ಡ ಹಿಡಿದು ಪರದೆಯನ್ನೇ ನೋಡುತ್ತಿದ್ದರು. ಜಯಮ್ಮ ಅವರ ತೋಳು ಹಿಡಿದಿದ್ದರು. ಪರದೆಯ ಮೇಲೆ “ಕುಡಿ ಮಗ” ಎಂದದ್ದೇ ತಡ, ಚಪ್ಪಾಳೆ ಶುರುವಾಯಿತು. ಅದು ನಿಲ್ಲಲೇ ಇಲ್ಲ. ಇಷ್ಟು ದಿನ ಅವರನ್ನು ಆಡಿಕೊಂಡಿದ್ದವರೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಸೋಮವಾರ ಸಿನಿಮಾ ತೆಗೆಯಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹರಡಿ ಸುತ್ತಲ ಹಳ್ಳಿಗಳವರು ಬರತೊಡಗಿದರು. ಚನ್ನಪಟ್ಟಣ, ಕನಕಪುರಗಳಲ್ಲಿ ತೆಗೆದುಹಾಕಿದ್ದ ಟಾಕೀಸುಗಳವರೂ ಮತ್ತೆ ಹಾಕಿಕೊಂಡರು. ಉಳಿದ ಜಿಲ್ಲೆಗಳಲ್ಲಿ ಅದು ಮೇಲೇಳಲಿಲ್ಲ. ಸೋತ ಸಿನಿಮಾ ಎಂದೇ ಎಲ್ಲರೂ ಬರೆದರು. ಅದೂ ಸುಳ್ಳಲ್ಲ.

ನಮ್ಮಲ್ಲಿ ಕೊನೆಯ ವಾರ ನಡೆಯುತ್ತಿದ್ದಾಗ ನಿರ್ದೇಶಕರು ಮಾಗಡಿಗೆ ಬಂದರು. ಮಾದಯ್ಯನವರ ಕೈ ಹಿಡಿದುಕೊಂಡು, “ಅವತ್ತು ನಿಮ್ಮನ್ನ ಬೈದ್ಬಿಟ್ಟೆ. ಎಡಿಟಿಂಗ್‌ಗೆ ಕೂತಾಗ ಆ ದೃಶ್ಯ ಬಿಡೋಕೆ ಮನಸ್ಸೇ ಬರ್ಲಿಲ್ಲ,” ಎಂದರು.

“ಅದಿರ್ಲಿ ಸ್ವಾಮಿ, ಆ ಮಗ ಈಗ ಚೆನ್ನಾಗವ್ನಾ?” ಎಂದು ಕೇಳಿದರು ಮಾದಯ್ಯ.

ಈಗಲೂ ಹೊಸ ಸಿನಿಮಾ ಬಂದ ದಿನ ಕೌಂಟರನ್ನು ಬೇರೆಯವರಿಗೆ ವಹಿಸಿ ಒಳಗೆ ಹೋಗಿ ಕೂರುತ್ತೇನೆ. ಕೆಲವು ಸಲ ನನ್ನ ಅಂದಾಜು ತಪ್ಪಿದೆ, ನಷ್ಟವೂ ಆಗಿದೆ. ಟಾಕೀಸು ಕೆಡವಿ ಕಲ್ಯಾಣ ಮಂಟಪ ಕಟ್ಟಿ ಎಂದು ಸಲಹೆ ಕೊಡುವವರಿಗೂ ಕಡಿಮೆಯಿಲ್ಲ. ಆದರೆ ಆ ಭಾನುವಾರ ಬಾಗಿಲು ತೆರೆದಾಗ ಹೊರಬಂದ ಮುಖಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಸಲಹೆ ಕೊಡಲು ಬಂದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.