ಬಿಳಿ ಮಂಜುಗಡ್ಡೆಯ ರನ್‌ವೇ

ಸರೋವರ ಹೆಪ್ಪುಗಟ್ಟಿ ಮನುಷ್ಯನ ಭಾರ ತಡೆಯುವಂತಾದ ದಿನದಿಂದಲೇ ರನ್‌ವೇ ಕೆಲಸ ಶುರು. ಸ್ವೀಡನ್ನಿನ ಉತ್ತರ ತುದಿಯ ಆ ಸಂಶೋಧನಾ ಕೇಂದ್ರಕ್ಕೆ ರಸ್ತೆಯಿರಲಿಲ್ಲ. ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ತಂತ್ರಜ್ಞನಾಗಿ ದುಡಿದು ನಿವೃತ್ತನಾದ ಮೇಲೂ ಪ್ರತಿ ಚಳಿಗಾಲ ನನ್ನನ್ನು ಅಲ್ಲಿಗೆ ಕರೆಸಿಕೊಳ್ಳುತ್ತಿದ್ದರು. ಮಂಜುಗಡ್ಡೆಯ ಮೇಲೆ ವಿಮಾನ ಇಳಿಯುವ ಜಾಗ ಸಿದ್ಧಪಡಿಸುವುದು ನನ್ನ ಹೊಣೆ.

ಕೆಲಸ ಸರಳ, ಆದರೆ ಒಂದು ದಿನವೂ ತಪ್ಪುವಂತಿಲ್ಲ. ಬಿದ್ದ ಹಿಮ ಕಂಬಳಿಯಂತೆ ನೀರನ್ನು ಬೆಚ್ಚಗಿಡುತ್ತದೆ. ಅದನ್ನು ತೆಗೆದರೆ ಮಾತ್ರ ಚಳಿ ಕೆಳಗಿಳಿದು ಗಡ್ಡೆ ದಪ್ಪವಾಗುತ್ತದೆ. ಮೊದಲು ಕೈಯಲ್ಲಿ ತಳ್ಳುವ ಯಂತ್ರ, ಗಡ್ಡೆ ಬಲಿತ ಮೇಲೆ ಸಣ್ಣ ಟ್ರ್ಯಾಕ್ಟರ್. ಪೈಲಟ್‌ಗೆ ಕಾಣಲೆಂದು ಅಂಚಿನುದ್ದಕ್ಕೂ ಮರದ ಕೊಂಬೆಗಳನ್ನು ನೆಡಬೇಕು. ಬೆಳಿಗ್ಗೆ ತಿಂಡಿಗೆ ಮುಂಚೆ ತೂತು ಕೊರೆದು ದಪ್ಪ ಅಳೆಯಬೇಕು. ಸೈನಿಕ ವಸತಿ ಶಾಲೆಯಲ್ಲಿ ಸೀಟಿಗೆ ಎದ್ದು ಬೆಳೆದ ನನಗೆ ಇದು ಕಷ್ಟವೆನಿಸಿದ್ದಿಲ್ಲ.

ಆ ವರ್ಷ ಜೊತೆಗಿದ್ದವಳು ಕಲಬುರಗಿಯ ಹುಡುಗಿ, ಉಪ್ಸಾಲಾದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಳು. ಹಿಮನದಿಯ ತಳದವರೆಗೆ ನೋಡಬಲ್ಲ ರಾಡಾರ್ ಹೊತ್ತ ವಿಮಾನವೊಂದು ಬೇರೆ ದೇಶದಿಂದ ಬಂದು, ನಮ್ಮ ಸರೋವರದಲ್ಲಿಳಿದು, ಅವಳನ್ನು ಹತ್ತಿಸಿಕೊಂಡು ಹೋಗಬೇಕಿತ್ತು. ಹಿಂದಿನ ಚಳಿಗಾಲಗಳ ಅಳತೆ ಅವಳ ಬಳಿ ಇತ್ತು. ಕೊನೆಯ ಇದೊಂದು ಸಿಗದಿದ್ದರೆ ಅವೆಲ್ಲ ಯಾವ ಉಪಯೋಗಕ್ಕೂ ಇಲ್ಲ. ಅವಳ ಡಾಕ್ಟರೇಟ್ ಅವಧಿ ಬೇಸಿಗೆಗೆ ಮುಗಿಯುತ್ತಿತ್ತು. ರಾಡಾರ್ ನಮ್ಮಲ್ಲಿಂದ ಗ್ರೀನ್‌ಲ್ಯಾಂಡಿಗೆ ಹೋಗುವುದೆಂದು ಮೊದಲೇ ನಿಗದಿಯಾಗಿತ್ತು.

ನಡುಚಳಿಗಾಲದಲ್ಲಿ ಮಳೆ ಬಂತು. ಅಲ್ಲಿ ಆ ಹೊತ್ತಿನಲ್ಲಿ ಮಳೆ ಬರಬಾರದು. ಅದರ ಹಿಂದೆಯೇ ಎಡೆಬಿಡದೆ ಹಿಮ ಸುರಿಯಿತು. ಟ್ರ್ಯಾಕ್ಟರ್ ಇಳಿಸುವ ಧೈರ್ಯವಾಗದೆ ಇಬ್ಬರೂ ಕೈಯಂತ್ರ ಹಿಡಿದೆವು. ಒಂದು ತುದಿ ಗುಡಿಸಿ ಬರುವಷ್ಟರಲ್ಲಿ ಇನ್ನೊಂದು ಮುಚ್ಚಿಹೋಗುತ್ತಿತ್ತು.

"ಮನೇಲಿ ಅಂಗಳ ಗುಡಿಸು ಅಂದ್ರೆ ಓಡ್ಹೋಗ್ತಿದ್ದೆ ಸರ್. ನಮ್ಮಮ್ಮಂಗೆ ಇದರ ಫೋಟೋ ಮಾತ್ರ ಕಳಿಸ್ಬೇಡಿ" ಎಂದು ಅವಳು ನಗುತ್ತಿದ್ದಳು.

ಹಿಮದ ಭಾರಕ್ಕೆ ಗಡ್ಡೆ ತಗ್ಗಿತು. ಬಿರುಕುಗಳಿಂದ ಮೇಲೆ ಬಂದ ನೀರು ಹಿಮವನ್ನು ನೆನೆಸಿ ಹೆಪ್ಪುಗಟ್ಟಿತು. ಹೀಗಾಗುವ ಗಡ್ಡೆ ಬೆಳ್ಳಗಿರುತ್ತದೆ, ಒಳಗೆ ಗಾಳಿ ತುಂಬಿರುತ್ತದೆ. ನೀರೇ ನಿಧಾನವಾಗಿ ಗಟ್ಟಿಯಾದದ್ದು ಕಪ್ಪು ಗಾಜಿನಂತೆ, ನಂಬಬೇಕಾದ್ದು ಅದನ್ನು. ಬಿಳಿಯದರ ದಪ್ಪವನ್ನು ಅರ್ಧವಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂಬುದು ನಿಯಮ.

ವಿಮಾನ ಹೊರಡುವ ಹಿಂದಿನ ದಿನ ಅಳೆದೆವು. ಒಟ್ಟು ದಪ್ಪ ಸಾಕಷ್ಟಿತ್ತು. ಬಹುಪಾಲು ಬಿಳಿ. ಅದನ್ನು ಅರ್ಧಕ್ಕೆ ಹಿಡಿದರೆ ವಿಮಾನದ ಭಾರಕ್ಕೆ ದಪ್ಪ ಸಾಲದು.

ಅವಳು ತೂತಿನ ಪಕ್ಕ ಮಂಡಿಯೂರಿಯೇ ಇದ್ದಳು. "ಸರ್, ಒಟ್ಟು ಎಷ್ಟಿದೆಯೋ ಅಷ್ಟು ಹೇಳಿ. ಬಿಳಿನಾ ಕಪ್ಪಾ ಅಂತ ಪೈಲಟ್ ಕೇಳಿದ್ರೆ ಆಮೇಲೆ ನೋಡೋಣ."

"ಕೇಳಲ್ಲಮ್ಮ. ನಾನೇ ಲೆಕ್ಕ ಹಾಕಿ ಹೇಳಿರ್ತೀನಿ ಅಂತ ನಂಬಿರ್ತಾರೆ."

"ಕಳೆದ ವರ್ಷನೂ ಒಂದಿಷ್ಟು ಬಿಳಿ ಇತ್ತಲ್ವಾ?"

"ಇಷ್ಟಿರಲಿಲ್ಲ. ಆ ವಿಮಾನದಲ್ಲಿ ಕೂರೋಳು ನೀನೇ, ನೆನಪಿರಲಿ."

ಎಲ್ಲರೊಡನೆ ಬೆಂಗಳೂರಿನ ಕನ್ನಡ ಆಡುತ್ತಿದ್ದವಳ ಬಾಯಿಂದ ಆಗ ಊರ ಮಾತು ಬಂತು. "ಕೂಡ್ತೀನ್ರಿ ಸರ್. ನಂದೇನ್ ಹೋಗ್ತದ?"

"ಪೈಲಟ್ದು?"

ಅವಳು ಎದ್ದು ಅಳತೆಗೋಲು ಎತ್ತಿಕೊಂಡಳು. ಕೇಂದ್ರಕ್ಕೆ ಬಂದು ನಾನು ಫೋನ್ ಮಾಡಿ ಇದ್ದದ್ದನ್ನು ಹೇಳಿದೆ. ಪೈಲಟ್ ಧನ್ಯವಾದ ಹೇಳಿ, ಕಾಯಲು ಸಮಯವಿಲ್ಲ, ನೇರ ಗ್ರೀನ್‌ಲ್ಯಾಂಡಿಗೆ ಹೋಗುತ್ತೇವೆ ಎಂದ. ಮಾತು ಮುಗಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ಇಬ್ಬರಿಗೂ ಕಾಫಿ ಮಾಡಿ ತಂದಳು. ಬೈದಿದ್ದರೆ ಚೆನ್ನಾಗಿತ್ತು.

ಕೆಲವು ದಿನಗಳಲ್ಲೇ ಚಳಿ ಬಲಿಯಿತು, ಆಕಾಶ ತಿಳಿಯಾಯಿತು. ಗಡ್ಡೆಯ ಕೆಳಗೆ ಕಪ್ಪು ಪದರ ಬೆಳೆಯುತ್ತ ಹೋಯಿತು. ನಾನು ಎಂದಿನಂತೆ ಅಳೆದೆ, ಗುಡಿಸಿದೆ. ತಿಂಗಳು ಮುಗಿಯುವ ಮುಂಚೆ ಎಂಥ ವಿಮಾನವನ್ನಾದರೂ ಇಳಿಸಬಹುದಾದ ರನ್‌ವೇ ಸಿದ್ಧವಾಗಿತ್ತು. ಆ ದಿನ ಅವಳು ಚೀಲ ಕಟ್ಟಿಕೊಂಡು, ಹಿಮ ಸ್ಕೂಟರಿನಲ್ಲಿ ಹೊರಡುವ ಮುನ್ನ ಗುಡಿಸುತ್ತಿದ್ದ ನನ್ನ ಬಳಿ ಬಂದಳು.

"ಇನ್ನು ಯಾರೂ ಬರಲ್ಲ ಸರ್. ಯಾಕೆ ಗುಡಿಸ್ತೀರಿ?"

ತಿಂಗಳ ಕೊನೆಯವರೆಗೂ ತೆರೆದಿಡಬೇಕೆಂಬ ಆದೇಶವಿದೆ ಎಂದೆ. ಅವಳು ತಲೆಯಾಡಿಸಿದಳು. ಪ್ರಬಂಧ ಮುಗಿಯಲಿಲ್ಲ, ಆ ಬೇಸಿಗೆಯಲ್ಲೇ ರಾಜಧಾನಿಯ ಹೊರವಲಯದ ಕಿಸ್ಟಾದ ಕಂಪನಿಯೊಂದಕ್ಕೆ ಸೇರಿದಳೆಂದು ಆಮೇಲೆ ತಿಳಿಯಿತು. ಸ್ಕೂಟರ್ ಹೋದ ಮೇಲೆ ರನ್‌ವೇಯ ಉಳಿದ ಅರ್ಧವನ್ನು ಗುಡಿಸಿ ಮುಗಿಸಿದೆ.