ರಾಜರ ಅಂಗಿ ಹೊಲಿದವರು

ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯಾಕೆ ಮಗಳ ಸ್ಕೂಲ್ ಡೇಗೆಂದು ರಟ್ಟಿನ ಕಿರೀಟ ಮಾಡಲು ಹುಣಸೆ ಬೀಜದ ಅಂಟು ಕಾಯಿಸುತ್ತಿದ್ದಳು. ಸ್ವಲ್ಪ ಸೀದ ಆ ವಾಸನೆ ಕಿಟಕಿಯಿಂದ ಬಂದಿದ್ದೇ ತಡ, ಓದುತ್ತಿದ್ದ ಪೇಪರ್ ಮಡಿಚಿಟ್ಟೆ. ಟೈಲರ್ ಮಾವನ ಅಂಗಡಿ ತುಂಬ ಇದೇ ವಾಸನೆ ಇರುತ್ತಿತ್ತು...

ರಾಯದುರ್ಗದ ನಮ್ಮ ಬೀದಿಯಲ್ಲಿ ಮನೆಗೊಂದು ಹೊಲಿಗೆ ಮಿಷನ್. ಉಳಿದವರು ಷರ್ಟು ಪ್ಯಾಂಟು ಹೊಲಿದರೆ, ಬೀದಿಯವರೆಲ್ಲ ಮಾವ ಎಂದೇ ಕರೆಯುತ್ತಿದ್ದ ಇವರು ಹೊಲಿಯುತ್ತಿದ್ದುದು ಬಯಲಾಟದ ವೇಷಗಳನ್ನು. ಕಣೇಕಲ್ಲಿನಿಂದ ಅಗಳಿಯವರೆಗೆ ಯಾವ ಊರಿನ ದುರ್ಯೋಧನ ಆಟದ ಅಟ್ಟ ಹತ್ತಿದರೂ ಮೈಮೇಲೆ ಮಾವನ ಮಖಮಲ್ಲು, ಮಾವ ಅಂಟಿಸಿದ ಕನ್ನಡಿ ಚೂರು. ಹಾರ ಮಾತ್ರ ದುರ್ಯೋಧನನ ಕೊರಳಿಗೆ.

ನಾನು ಆಗಷ್ಟೇ ಬಳ್ಳಾರಿಯ ಕಾನ್ವೆಂಟ್ ಮುಗಿಸಿ ಮನೆಯಲ್ಲಿದ್ದೆ. ಬೀದಿಯವರ ಇಂಗ್ಲಿಷ್ ಪತ್ರಗಳೆಲ್ಲ ನನ್ನ ಕೈಯಲ್ಲೇ ಆಗಬೇಕು. ಮಾವನ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದೂ ಆಗದೆ ಹೋದಾಗ, ಕಲಾವಿದರ ಪಿಂಚಣಿಗೆ ಅರ್ಜಿ ಬರೆಸಲು ಬಂದರು.

"ಬರಿಯವ್ವಾ, ಕಾನ್ವೆಂಟಮ್ಮಾ. ನಾ ಭಾಳ ಫೇಮಸ್ ಅಂತ ಬರಿ."

"ಫೇಮಸ್ ಅಂದ್ರ ನಿಮ್ಮನ್ನ ನೋಡದವ್ರಿಗೂ ನಿಮ್ಮ ಹೆಸರು ಗೊತ್ತಿರ್ಬೇಕ್ರಿ ಮಾವ."

ಮಾವ ನಕ್ಕರು. "ರಾಜನ ಅಂಗಿ ನಾ ಯಾವತ್ತೂ ಎರಡಿಂಚು ಲೂಸ್ ಇಡ್ತೀನವ್ವಾ. ಯಾವ ಊರಾಗ ಯಾರು ರಾಜ ಆಗ್ತಾರೋ, ಯಾರಿಗೆ ಗೊತ್ತು? ನೀನೂ ಒಂದೀಟು ಲೂಸ್ ಬರಿ."

ನಾನು ಬಿಗಿಯಾಗಿಯೇ ಬರೆದೆ. ಕಾನ್ವೆಂಟಿನಲ್ಲಿ ನಮ್ಮ ಇಂಗ್ಲಿಷ್ ಸಿಸ್ಟರ್ ಪದಗಳನ್ನು ಬಂಗಾರದಂತೆ ತೂಗಿ ಬಳಸಲು ಕಲಿಸಿದ್ದರು. ರಿನೌಂಡ್ ಎನ್ನಲು ಕೈಕೆಲಸದ ಹೆಸರು ದೂರದೂರಕ್ಕೆ ಹಬ್ಬಿರಬೇಕು. ಎಮಿನೆಂಟ್ ಎಂದರೆ ತಮ್ಮ ವಿದ್ಯೆಯಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ನಿಂತವರು. ಸೆಲೆಬ್ರೇಟೆಡ್ ಎಂದರೆ ಸನ್ಮಾನ, ಶಾಲು... ಮಾವನಿಗೆ ಶಾಲು ಹೊದಿಸಿದವರು ಯಾರು? ಒಂದೊಂದನ್ನೇ ತೆಗೆದುಹಾಕಿ ಕೊನೆಗೆ ವೆಲ್‌ನೋನ್ ಎಂದು ಬರೆದೆ. ಅದಕ್ಕೂ 'ಈ ಭಾಗದಲ್ಲಿ' ಎಂದು ಸೇರಿಸಿದೆ.

"ಏನ್ ಹಾಕಿದಿ?"

"ಸರಿಯಾದ್ದು ಹಾಕೀನ್ರಿ."

ಮಾವ ಹೆಬ್ಬೆಟ್ಟು ಒತ್ತಿದರು.

ಮೂರು ತಿಂಗಳಿಗೆ ಉತ್ತರ ಬಂತು. ಎಮಿನೆಂಟ್ ಕಲಾವಿದರಿಗೆ ಮಾತ್ರ ಪಿಂಚಣಿ. ಅರ್ಜಿದಾರರು ತಮ್ಮ ಭಾಗದಲ್ಲಷ್ಟೇ ಪರಿಚಿತರೆಂದು ಅರ್ಜಿಯೇ ಹೇಳುತ್ತದೆ. ನನ್ನ ಮಾತನ್ನೇ ನನಗೆ ತಿರುಗಿಸಿ ಕಳಿಸಿದ್ದರು.

"ಏನಂತಾರವ್ವಾ?" ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಈ ವರ್ಷದ್ದು ಮುಗದೈತಂತ್ರಿ ಮಾವ. ಮುಂದಿನ ವರ್ಷ ನೋಡ್ತಾರಂತ."

ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಅಷ್ಟೊಂದು ತಕರಾರು ತೆಗೆದಿದ್ದ ಬಾಯಿ, ಆ ಸುಳ್ಳನ್ನು ಒಂಚೂರೂ ತಡವರಿಸದೆ ಆಡಿತು.

ಮರುವರ್ಷ ಯುಗಾದಿ ಕಳೆಯುತ್ತಲೇ ಗೇಟಿನ ಬಳಿ ಬಂದು ಕೇಳಿದರು, "ಈ ಸಲ ಬರ್ತೈತೇನವ್ವಾ?" ಅದರ ಮರುವರ್ಷವೂ ಬಂದರು. ಇನ್ನೊಂದು ಅರ್ಜಿ ಬರೆಯಬಹುದಿತ್ತು. ಆದರೆ ಬರೆದರೆ ಮೊದಲನೆಯದರಲ್ಲಿ ಏನಿತ್ತೆಂದು ಹೇಳಬೇಕಾಗುತ್ತಿತ್ತು... ಬರೆಯಲಿಲ್ಲ. ಅಷ್ಟರಲ್ಲಿ ಮದುವೆಯಾಗಿ ಮಡಕಶಿರಕ್ಕೆ ಬಂದುಬಿಟ್ಟೆ. ಆ ಯುಗಾದಿಗೂ ಮಾವ ಬಂದಿದ್ದರಂತೆ, ಗೇಟು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ಹೋದರಂತೆ. ಅಮ್ಮ ಹೇಳಿದಳು. ಮುಂದಿನ ಯುಗಾದಿಗೆ ಮಾವನೇ ಇರಲಿಲ್ಲ.

ಇದನ್ನೆಲ್ಲ ಬರೆಯೋಣವೆಂದು ಮೊನ್ನೆ ಕೂತವಳು, ರಾಯದುರ್ಗದಲ್ಲೇ ಇರುವ ತಮ್ಮನಿಗೆ ಫೋನ್ ಮಾಡಿ ಮಾವನ ಹೆಸರೇನೆಂದು ಕೇಳಿದೆ.

"ಟೈಲರ್ ಮಾವ ಅಲ್ಲೇನಕ್ಕಾ?"

"ಅದಲ್ಲೋ, ಹೆಸರು."

ಹಳಬರನ್ನು ವಿಚಾರಿಸುತ್ತೇನೆ ಎಂದವನು ಸಂಜೆ ಫೋನ್ ಮಾಡಿದ. "ಮಾವ ಅಂದ್ರ ಎಲ್ರಿಗೂ ಗೊತ್ತೈತಕ್ಕಾ. ಹೆಸರು ಯಾರಿಗೂ ಗೊತ್ತಿಲ್ಲ."

ಅರ್ಜಿಯ ಮೊದಲ ಸಾಲಿನಲ್ಲಿ, ಕ್ಯಾಪಿಟಲ್ ಅಕ್ಷರಗಳಲ್ಲಿ, ನಾನೇ ಬರೆದ ಹೆಸರು ಅದು. ಎರಡು ದಿನದಿಂದ ಕಣ್ಣು ಮುಚ್ಚಿ ಕೂರುತ್ತಿದ್ದೇನೆ... ಬರುತ್ತಿಲ್ಲ.